ಅಪ್ಪ-ಅಮ್ಮನ ಹಳೆಯ ಪಾಲಿಸಿ ಬಿಡಬೇಕೇ? ಕಾಯಿಲೆ ಬಂದಮೇಲೆ ಆರೋಗ್ಯವಿಮೆಯ ಲೆಕ್ಕ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ಕೃಷಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ 73 ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, 2021ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಮ್ಮನಿಗೆ 66, ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರಿನ ಆಪರೇಷನ್, ಕಿಮೋ, ರೇಡಿಯೇಷನ್ ಮುಗಿದು ಈಗ ಮಾತ್ರೆಯಲ್ಲಿದ್ದಾರೆ. ಚಿಕಿತ್ಸೆಯೆಲ್ಲ ಮಂಗಳೂರಿನಲ್ಲಿ. 2012ರಿಂದ ಇಬ್ಬರಿಗೂ ತಲಾ 2 ಲಕ್ಷದ ಒಂದು ಪಾಲಿಸಿ ಇದೆ. ನನ್ನ ಕಂಪನಿಯ ಗ್ರೂಪ್ ವಿಮೆಯಲ್ಲಿ ಇಡೀ ಕುಟುಂಬಕ್ಕೆ 4 ಲಕ್ಷ. ಈಗ ಏಜೆಂಟರೊಬ್ಬರು ವರ್ಷಕ್ಕೆ 74,000 ರೂಪಾಯಿ ಕಂತಿನ, 10 ಲಕ್ಷದ ಹಿರಿಯರ ಪಾಲಿಸಿ ತೋರಿಸಿ, "ಈ ಕಾಲದಲ್ಲಿ 2 ಲಕ್ಷ ಯಾವ ಮೂಲೆಗೆ? ಅದನ್ನು ಬಿಟ್ಟು ಇದಕ್ಕೆ ಬನ್ನಿ" ಎನ್ನುತ್ತಿದ್ದಾರೆ. ಹಳೆಯದರ ನವೀಕರಣ ಮುಂದಿನ ತಿಂಗಳು. ಏನು ಮಾಡಲಿ?

ಉತ್ತರ: ಮೊದಲು ಹಳೆಯ ಪಾಲಿಸಿಯ ಕಂತು ಕಟ್ಟಿಬಿಡಿ. ಉಳಿದದ್ದನ್ನು ಆಮೇಲೆ ಯೋಚಿಸಿದರಾಯಿತು. ವರ್ಷದ ಕಂತಿಗೆ ಗಡುವು ದಾಟಿದ ಮೇಲೆ 30 ದಿನದ ರಿಯಾಯಿತಿ ಅವಧಿ ಸಿಗುತ್ತದೆ ನಿಜ. ಆದರೆ ಅದು ಪಾಲಿಸಿ ಕಡಿದುಹೋಗದಂತೆ ಕಾಪಾಡುವುದಕ್ಕೆ ಮಾತ್ರ. ಗಡುವಿಗೂ ನೀವು ಕಟ್ಟುವ ದಿನಕ್ಕೂ ನಡುವೆ ಅಪ್ಪನಿಗೆ ಎದೆನೋವು ಬಂದು ಅಡ್ಮಿಟ್ ಆದರೆ ಆ ಬಿಲ್ಲಿಗೆ ಹಣ ಬರುವುದಿಲ್ಲ.

ಏಜೆಂಟರು ಸಣ್ಣದೆಂದು ತಳ್ಳಿಹಾಕುತ್ತಿರುವ ಆ 2 ಲಕ್ಷದ ಪಾಲಿಸಿಯೇ ನಿಮ್ಮ ಮನೆಯಲ್ಲಿರುವ ಅತ್ಯಂತ ಬೆಲೆಬಾಳುವ ವಿಮಾಪತ್ರ. 2012ರಿಂದ ತುಂಡಾಗದೆ ನಡೆದಿರುವುದರಿಂದ ಅದರ ಕಾಯುವ ಅವಧಿಗಳೆಲ್ಲ (ಸೇರಿದ ಮೇಲೆ ಕೆಲವು ಕಾಯಿಲೆಗಳಿಗೆ ಹಣ ಬಾರದ ಆರಂಭದ ಕಾಲ) ಎಂದೋ ಮುಗಿದಿವೆ. ಜೊತೆಗೆ 60 ತಿಂಗಳ ಇನ್ನೊಂದು ರಕ್ಷಣೆಯೂ ಇದೆ. ಒಂದು ಪಾಲಿಸಿ ಸತತ 5 ವರ್ಷ ನಡೆದ ಮೇಲೆ, ‘ಸೇರುವಾಗ ಈ ಕಾಯಿಲೆ ಹೇಳಲಿಲ್ಲ’ ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ತಿರಸ್ಕರಿಸುವಂತಿಲ್ಲ; ವಂಚನೆಯನ್ನು ಸಾಬೀತುಪಡಿಸಿದರೆ ಮಾತ್ರ ಸಾಧ್ಯ. ಮೊದಲು ಇದು 8 ವರ್ಷ ಇತ್ತು, 2024ರ ಏಪ್ರಿಲ್‌ನಿಂದ 5ಕ್ಕೆ ಇಳಿದಿದೆ. ಅಮ್ಮನ ಕ್ಯಾನ್ಸರ್ ಈ ಪಾಲಿಸಿ ನಡೆಯುತ್ತಿರುವಾಗಲೇ ಕಾಣಿಸಿಕೊಂಡದ್ದು, ಆದ್ದರಿಂದ ಇದರ ಮಟ್ಟಿಗೆ ಅದು ‘ಮೊದಲೇ ಇದ್ದ ಕಾಯಿಲೆ’ ಆಗುವುದೇ ಇಲ್ಲ. ಕ್ಲೇಮ್ ಹೆಚ್ಚಾಯಿತು ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವುದಕ್ಕೂ ಕಂಪನಿಗೆ ಅಧಿಕಾರವಿಲ್ಲ. ಒಮ್ಮೆ ಕೈಬಿಟ್ಟರೆ ಈ ವಯಸ್ಸಿನಲ್ಲಿ, ಈ ಕಾಯಿಲೆಗಳೊಂದಿಗೆ ಇಂಥದ್ದು ಮತ್ತೆ ಸಿಗುವುದಿಲ್ಲ.

ಈಗ ಆ 10 ಲಕ್ಷದ ಪಾಲಿಸಿ. ಕಾಯಿಲೆ ಇರುವವರಿಗೆ ಪಾಲಿಸಿ ಹೋಲಿಸುವಾಗ ಮೊತ್ತ ಕೊನೆಗೆ ನೋಡುವ ವಿಷಯ. ಈ ಕಾಯಿಲೆಗೆ ಯಾವ ದಿನದಿಂದ ಹಣ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಆಮೇಲೆ ಬಿಲ್ಲಿನಲ್ಲಿ ಎಷ್ಟು ಪಾಲು ಬರುತ್ತದೆ, ನಾವು ಹೋಗುವ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ಗರಿಷ್ಠ 36 ತಿಂಗಳು ಕಾಯಿಸಬಹುದು. ಅಪ್ಪನ ಹೃದಯ, ಸಕ್ಕರೆ, ಅಮ್ಮನ ಕ್ಯಾನ್ಸರ್ ಎಲ್ಲವೂ ಹೊಸ ಪಾಲಿಸಿಗೆ ಇದೇ ಗುಂಪಿನವು. ಈ ಮೂರು ವರ್ಷದಲ್ಲಿ ನೀವು ಕಟ್ಟುವ ಹಣ ನೋಡಿ. 60 ದಾಟಿದವರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಜೊತೆ ಮೊದಲೇ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಆ ಮಿತಿಯೊಳಗೇ ಏರಿದರೂ 74,000, ನಂತರ 81,400, ನಂತರ 89,540. ಒಟ್ಟು 2,44,940 ರೂಪಾಯಿ. ಇಷ್ಟು ಕಟ್ಟಿದರೂ ನೀವು ಯಾವುದಕ್ಕೆ ಹೆದರಿ ಪಾಲಿಸಿ ಕೇಳುತ್ತಿದ್ದೀರೋ ಆ ಕಾಯಿಲೆಗಳಿಗೇ ಅದುವರೆಗೆ ಏನೂ ಬರುವುದಿಲ್ಲ. ಜ್ವರ, ನ್ಯುಮೋನಿಯಾ, ಬಿದ್ದು ಸೊಂಟ ಮುರಿಯುವುದು, ಇಂಥವಕ್ಕೆ ಬರುತ್ತದೆ, ಅದೂ ಸಣ್ಣ ವಿಷಯವಲ್ಲ. ಆದರೆ ಅವುಗಳಿಗೆ ನಿಮ್ಮಲ್ಲಿ ಈಗಾಗಲೇ ಎರಡು ವಿಮೆಗಳಿವೆ.

ಕೆಲವು ಹಿರಿಯರ ಪಾಲಿಸಿಗಳಲ್ಲಿ ಕಾಯುವ ಅವಧಿ ಒಂದೇ ವರ್ಷ ಇರುತ್ತದೆ. ಅಂಥದ್ದರಲ್ಲಿ ‘ಕೋ-ಪೇ’ ಸಾಲನ್ನು ಹುಡುಕಿ. ಪ್ರತಿ ಕ್ಲೇಮಿನಲ್ಲಿ ನಮ್ಮ ಕೈಯಿಂದ ಕೊಡಬೇಕಾದ ಪಾಲು ಅದು. ಶೇ. 30 ಕೋ-ಪೇ ಇದ್ದರೆ 5 ಲಕ್ಷದ ಬೈಪಾಸ್ ಬಿಲ್ಲಿನಲ್ಲಿ ಒಂದೂವರೆ ಲಕ್ಷ ನಿಮ್ಮದೇ. ಕಾಯುವ ಅವಧಿ ಕಡಿಮೆ ಮಾಡಿದ ಕಂಪನಿ ಅದರ ಬೆಲೆಯನ್ನು ಇಲ್ಲಿ ವಸೂಲು ಮಾಡಿಕೊಳ್ಳುತ್ತದೆ.

‘ಪೋರ್ಟ್ ಮಾಡಿದರೆ, ಅಂದರೆ ಪಾಲಿಸಿಯನ್ನು ಹೊಸ ಕಂಪನಿಗೆ ವರ್ಗಾಯಿಸಿದರೆ, ಹಳೆಯ ವರ್ಷಗಳೆಲ್ಲ ಲೆಕ್ಕಕ್ಕೆ ಬರುತ್ತವೆ’ ಎಂದು ಏಜೆಂಟರು ಹೇಳಬಹುದು. ಅರ್ಧ ಸತ್ಯ. ಹಳೆಯ ಮೊತ್ತವಾದ 2 ಲಕ್ಷಕ್ಕೆ, ಕ್ಲೇಮ್ ಇಲ್ಲದ ವರ್ಷಗಳಿಗೆಂದು ಮೊತ್ತಕ್ಕೆ ಬೋನಸ್ ಸೇರಿದ್ದರೆ ಅದಕ್ಕೂ, ಹಿಂದಿನ ವರ್ಷಗಳು ಸಿಗುತ್ತವೆ. ಮೇಲಿನ 8 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸ ಕಂಪನಿ ಆರೋಗ್ಯ ನೋಡಿ ‘ಬೇಡ’ ಎನ್ನಬಹುದು. ಕ್ಯಾನ್ಸರ್ ಆಗಿ ಎರಡೇ ವರ್ಷ ಆದವರಿಗೆ ಬಹುಪಾಲು ಹಾಗೆಯೇ ಆಗುತ್ತದೆ. ಪೋರ್ಟಿಂಗ್ ಅರ್ಜಿಯನ್ನು ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಕೊಡಬೇಕು. ನಿಮ್ಮ ನವೀಕರಣ ಮುಂದಿನ ತಿಂಗಳು ಎಂದರೆ ಈ ವರ್ಷಕ್ಕೆ ಆ ಸಮಯ ಬಹುಶಃ ಕಳೆದಿದೆ. ಕಳೆದದ್ದೇ ಒಳ್ಳೆಯದಾಯಿತು.

ಅಪ್ಪನಿಗೆ 70 ದಾಟಿರುವುದರಿಂದ ನೀವು ಹೇಳದೇ ಬಿಟ್ಟ ಇನ್ನೊಂದು ದಾರಿ ಇದೆ: ಆಯುಷ್ಮಾನ್ ವಯ ವಂದನಾ ಕಾರ್ಡ್. 2024ರ ಅಕ್ಟೋಬರ್ 29ರಂದು ಆರಂಭವಾದ ಈ ವ್ಯವಸ್ಥೆಯಲ್ಲಿ ಆದಾಯ ಎಷ್ಟಿದ್ದರೂ 70 ಮತ್ತು ಮೇಲ್ಪಟ್ಟವರಿಗೆ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ. ಕಾಯುವ ಅವಧಿ ಇಲ್ಲ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಖಾಸಗಿ ಪಾಲಿಸಿ ಇದ್ದವರೂ ಪಡೆಯಬಹುದು. ಕೇಂದ್ರ ಸರಕಾರದ ಪಿಂಚಣಿದಾರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್‌ನಂಥ ಸರಕಾರಿ ಯೋಜನೆ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನೋಂದಣಿಗೆ ಬೇಕಾದದ್ದು ಆಧಾರ್ ಒಂದೇ. ಆಯುಷ್ಮಾನ್ ಆ್ಯಪಿನಲ್ಲಿ ಮನೆಯಲ್ಲೇ ಮಾಡಬಹುದು, ಕೇರಳ ಸರಕಾರದ ಸೇವಾ ಕೇಂದ್ರವಾದ ಅಕ್ಷಯದಲ್ಲಿ ವಿಚಾರಿಸಬಹುದು, 14555ಕ್ಕೆ ಫೋನ್ ಮಾಡಿ ಕೇಳಬಹುದು. ವಯಸ್ಸಿಗೆ ಆಧಾರ್‌ನಲ್ಲಿರುವ ಹುಟ್ಟಿದ ದಿನಾಂಕವೇ ಆಧಾರ. ನಮ್ಮ ಕಡೆಯ ಹಿರಿಯರ ಆಧಾರ್‌ನಲ್ಲಿ ಜನವರಿ 1 ಎಂದು ಅಂದಾಜಿನಲ್ಲಿ ಹಾಕಿದ್ದು ಎಷ್ಟೋ ಇದೆ. ಅಮ್ಮನದನ್ನೂ ಈಗಲೇ ನೋಡಿಟ್ಟುಕೊಳ್ಳಿ. ಇನ್ನು ನಾಲ್ಕು ವರ್ಷಕ್ಕೆ ಅವರಿಗೂ ಇದೇ ಕಾರ್ಡು ಬೇಕಾಗುತ್ತದೆ.

ಆದರೆ ಕಾರ್ಡ್ ಕೈಗೆ ಬಂದರೆ ಸಾಲದು. ಗಡಿ ದಾಟಿ ಚಿಕಿತ್ಸೆಗೆ ಹೋಗುವ ನಮ್ಮವರು ಎಡವುವುದು ಇಲ್ಲಿಯೇ. ಯೋಜನೆಯ ನಿಯಮದಲ್ಲಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಕಾರ್ಡು ನಡೆಯಬೇಕು. ಆದರೆ ನೋಂದಾಯಿತ ಆಸ್ಪತ್ರೆ ಎಂದರೆ ಎಲ್ಲ ವಿಭಾಗವೂ ನೋಂದಾಯಿತ ಎಂದಲ್ಲ. ಕಣ್ಣಿಗೆ ಇದ್ದು ಹೃದಯಕ್ಕೆ ಇಲ್ಲದ ಆಸ್ಪತ್ರೆಗಳಿವೆ. ಗಡಿಯ ತಲಪಾಡಿ ದಾಟುವ ಮೊದಲೇ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಫೋನ್ ಮಾಡಿ, "ಕೇರಳದ ಆಧಾರ್ ವಿಳಾಸದ ವಯ ವಂದನಾ ಕಾರ್ಡನ್ನು, ಹೃದಯ ವಿಭಾಗದಲ್ಲಿ, ಆಂಜಿಯೋಪ್ಲಾಸ್ಟಿಗೆ ಈಗ ತೆಗೆದುಕೊಳ್ಳುತ್ತೀರಾ?" ಎಂದು ಇಷ್ಟೇ ನಿಖರವಾಗಿ ಕೇಳಿ. ‘ಆಯುಷ್ಮಾನ್ ಇದೆಯಾ’ ಎಂದು ಮಾತ್ರ ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಅಲ್ಲಿ ಹೋಗಿ ನಿಂತಾಗ ಬೇರೆ ಮಾತು ಕೇಳಬೇಕಾಗುತ್ತದೆ. ಉತ್ತರ ಕೊಟ್ಟವರ ಹೆಸರನ್ನೂ ದಿನಾಂಕವನ್ನೂ ಬರೆದಿಡಿ. ಇದೇ ಪ್ರಶ್ನೆಯನ್ನು ಕಾಸರಗೋಡು ಅಥವಾ ಕಣ್ಣೂರು ಜಿಲ್ಲೆಯ ಒಂದು ಆಸ್ಪತ್ರೆಗೂ ಕೇಳಿಟ್ಟಿರಿ. 2020ರಲ್ಲಿ ಲಾಕ್‌ಡೌನಿನಿಂದ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೆನಪಿದ್ದವರಿಗೆ ಇದರ ಅಗತ್ಯ ವಿವರಿಸಬೇಕಾಗಿಲ್ಲ. ಕಿಮೋದಂಥ ದೀರ್ಘ ಚಿಕಿತ್ಸೆಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಉಳಿದದ್ದಕ್ಕೆ ಪರಿಯಾರಂನ ಸರಕಾರಿ ವೈದ್ಯಕೀಯ ಕಾಲೇಜು ಈ ಕಡೆಯ ದಾರಿಗಳು.

ಅಮ್ಮನಿಗೆ ಸದ್ಯ ವಯ ವಂದನಾ ಸಿಗದು. ನಿಮ್ಮ ಕುಟುಂಬ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ, ಅಂದರೆ ಕಾಸ್ಪ್‌ನಲ್ಲಿ, ಇದೆಯೇ ಎಂದು ನೋಡಿ. ರೇಷನ್ ಕಾರ್ಡಿನ ಬಣ್ಣ ನೋಡಿ ‘ನಮಗಿಲ್ಲ’ ಎಂದು ನಿಮ್ಮಷ್ಟಕ್ಕೇ ತೀರ್ಮಾನಿಸಬೇಡಿ; ಬೀರುವಿನಲ್ಲಿ ಹಿಂದಿನ ಸರಕಾರಿ ಆರೋಗ್ಯವಿಮೆಗಳಾದ ಆರ್‌ಎಸ್‌ಬಿವೈ ಅಥವಾ ಚಿಸ್‌ನ ಸ್ಮಾರ್ಟ್ ಕಾರ್ಡು ಇದ್ದರೆ ಆ ಕುಟುಂಬ ಪಟ್ಟಿಯಲ್ಲಿರುವ ಸಾಧ್ಯತೆ ಹೆಚ್ಚು. ಕಾಸ್ಪ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆಗಲೂ ಅಪ್ಪನ ವಯ ವಂದನಾ 5 ಲಕ್ಷ ಬೇರೆಯೇ. ಕಾಸ್ಪ್ ಇಲ್ಲದೆ ವಾರ್ಷಿಕ ಆದಾಯ 3 ಲಕ್ಷದ ಒಳಗಿದ್ದರೆ ಕಾರುಣ್ಯ ಬೆನೆವೊಲೆಂಟ್ ಫಂಡ್‌ನಿಂದ 2 ಲಕ್ಷದವರೆಗೆ ನೆರವಿದೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ. ಅಡಿಕೆ ತೋಟದವರು ಆದಾಯ ಪ್ರಮಾಣಪತ್ರಕ್ಕೆ ವಿಲೇಜ್ ಆಫೀಸಿಗೆ ಹೋಗುವುದನ್ನು ಆಸ್ಪತ್ರೆ ಸೇರುವ ದಿನದವರೆಗೆ ಉಳಿಸಿಕೊಳ್ಳಬಾರದು.

ಕರ್ನಾಟಕದ ಯೋಜನೆಗಳ ಬಗ್ಗೆ ಒಂದು ಎಚ್ಚರಿಕೆ. ಆರೋಗ್ಯ ಕರ್ನಾಟಕಕ್ಕೆ ಕರ್ನಾಟಕದ ರೇಷನ್ ಕಾರ್ಡು ಬೇಕು, ಯಶಸ್ವಿನಿ ಅಲ್ಲಿನ ಸಹಕಾರಿ ಸಂಘಗಳ ಸದಸ್ಯರಿಗೆ. ಪುತ್ತೂರಿನಲ್ಲೋ ವಿಟ್ಲದಲ್ಲೋ ಇರುವ ನೆಂಟರ ವಿಳಾಸಕ್ಕೆ ಅಪ್ಪ-ಅಮ್ಮನ ದಾಖಲೆ ಬದಲಿಸಿದರೆ ಕೇರಳದ ಸವಲತ್ತುಗಳು ಕೈತಪ್ಪಬಹುದು, ಪಾಲಿಸಿಯ ಹೆಸರು-ವಿಳಾಸ ಹೊಂದದೆ ಕ್ಲೇಮ್ ನಿಲ್ಲಬಹುದು. ಹಾಗೆ ಮಾಡಬೇಡಿ.

ಕಂಪನಿಯ ಗ್ರೂಪ್ ವಿಮೆಯ ಬಲ ದೊಡ್ಡದು. ಹೆಚ್ಚಿನ ಗ್ರೂಪ್ ವಿಮೆಗಳಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದ ಹಣ ಬರುತ್ತದೆ. ಎಚ್‌ಆರ್ ಬಳಿ ಕೇಳಬೇಕಾದದ್ದು ಎರಡು: ಹೆತ್ತವರಿಗೆ ಬೇರೆ ಮಿತಿ ಅಥವಾ ಕೋ-ಪೇ ಇದೆಯೇ, ಕೆಲಸ ಬಿಟ್ಟರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಯಾವಾಗ ಅರ್ಜಿ ಕೊಡಬೇಕು. ಈ ವರ್ಗಾವಣೆಯ ಹಕ್ಕು ಇರುವುದು ಬಹಳ ಮಂದಿಗೆ ಗೊತ್ತಿಲ್ಲ, ಕೆಲಸ ಬಿಟ್ಟ ಮರುದಿನ ಅಪ್ಪ-ಅಮ್ಮ ವಿಮೆಯಿಂದ ಹೊರಬಿದ್ದಿರುತ್ತಾರೆ. ರಾಜೀನಾಮೆ ಕೊಡುವ ಮೊದಲೇ ಲಿಖಿತವಾಗಿ ವಿಚಾರಿಸಿ.

ಎರಡು ಪಾಲಿಸಿಗಳಿದ್ದಾಗ ಯಾವುದನ್ನು ಮೊದಲು ಬಳಸಬೇಕೆಂಬ ಆಯ್ಕೆ ನಿಮ್ಮದು. ಯೋಜಿಸಿ ಮಾಡುವ ಚಿಕಿತ್ಸೆಗೆ ಗ್ರೂಪ್ ವಿಮೆಯಿಂದ ಕ್ಯಾಶ್‌ಲೆಸ್ (ಕಂಪನಿ ನೇರ ಆಸ್ಪತ್ರೆಗೆ ಕಟ್ಟುವುದು) ತೆಗೆದು, ಮಿಕ್ಕಿದ್ದನ್ನು ಹಳೆಯ ಪಾಲಿಸಿಯಿಂದ ರೀಇಂಬರ್ಸ್‌ಮೆಂಟ್ (ನಾವು ಕಟ್ಟಿದ್ದನ್ನು ಆಮೇಲೆ ವಾಪಸು) ಪಡೆಯುವುದು ನನ್ನ ಸಲಹೆ. ಗ್ರೂಪ್ ವಿಮೆಯಲ್ಲೇ ಬಿಲ್ಲು ಮುಗಿದರೆ ಹಳೆಯದರ ಬೋನಸ್ ಉಳಿಯುತ್ತದೆ. ರೀಇಂಬರ್ಸ್‌ಮೆಂಟಿಗೆ ಮೊದಲ ಕಂಪನಿಯ ಸೆಟ್ಲ್‌ಮೆಂಟ್ ಪತ್ರವೂ ಆಸ್ಪತ್ರೆ ದೃಢೀಕರಿಸಿದ ಬಿಲ್ಲಿನ ಪ್ರತಿಗಳೂ ಬೇಕು. ಸ್ಟೆಂಟ್ ಹಾಕಿದರೆ ಅದರ ಪೆಟ್ಟಿಗೆಯ ಮೇಲಿನ ಬಾರ್‌ಕೋಡ್ ಸ್ಟಿಕ್ಕರ್ ಕೇಳಿ ತೆಗೆದುಕೊಳ್ಳಿ. ಆ ಸಣ್ಣ ಚೀಟಿ ಇಲ್ಲದೆ ಸ್ಟೆಂಟಿನ ಹಣ ತಿಂಗಳುಗಟ್ಟಲೆ ತಡೆದು ನಿಲ್ಲುತ್ತದೆ.

ಹಳೆಯ ಪಾಲಿಸಿಯ ನಿಜವಾದ ದೋಷ ಮೊತ್ತಕ್ಕಿಂತ ಹೆಚ್ಚಾಗಿ ರೂಮ್ ಬಾಡಿಗೆಯ ಮಿತಿಯಲ್ಲಿರುತ್ತದೆ. ಆ ಕಾಲದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊತ್ತದ ಶೇ. 1, ಅಂದರೆ ನಿಮಗೆ ದಿನಕ್ಕೆ 2,000. ಅಪ್ಪನಿಗೆ ಅನುಕೂಲವಾಗಲೆಂದು 4,000ದ ರೂಮು ತೆಗೆದುಕೊಂಡಿರಿ ಎನ್ನೋಣ. 5 ದಿನಕ್ಕೆ ರೂಮು 20,000. ಡಾಕ್ಟರು, ಥಿಯೇಟರು, ನರ್ಸಿಂಗ್ ಸೇರಿ 90,000. ಔಷಧ, ಸ್ಟೆಂಟ್, ಪರೀಕ್ಷೆಗಳು 1,00,000. ಒಟ್ಟು 2,10,000. ಅರ್ಹತೆ 2,000, ತೆಗೆದುಕೊಂಡದ್ದು 4,000, ಆದ್ದರಿಂದ ಕಂಪನಿ ರೂಮಿನ ಅರ್ಧ ಮಾತ್ರವಲ್ಲ, ಡಾಕ್ಟರು-ಥಿಯೇಟರಿನ 90,000ದಲ್ಲೂ ಅರ್ಧ ಕಡಿಯುತ್ತದೆ. ಸಿಗುವುದು 10,000, 45,000 ಮತ್ತು 1,00,000, ಒಟ್ಟು 1,55,000. ರೂಮಿನ ವ್ಯತ್ಯಾಸ ಬರೇ 10,000, ಕೈಯಿಂದ ಹೋದದ್ದು 55,000! ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಅನುಪಾತದ ಕಡಿತ ಹಾಕಬಾರದೆಂಬ ನಿಯಮವಿದೆ. ಐಸಿಯು ಶುಲ್ಕಕ್ಕೂ ಹಾಕುವಂತಿಲ್ಲ, ರೂಮಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಕಡಿತದ ಪಟ್ಟಿ ಬಂದಾಗ ಸಾಲುಸಾಲಾಗಿ ನೋಡಿ, ತಪ್ಪಿದ್ದರೆ ಬರೆದು ಕೇಳಿ. ಹಳೆಯ ಪಾಲಿಸಿಯಲ್ಲಿ ಅಡ್ಮಿಟ್ ಆಗುವಾಗ ಇನ್ಶೂರೆನ್ಸ್ ಡೆಸ್ಕಿನಲ್ಲಿ ರೂಮ್ ಮಿತಿ ಕೇಳಿಯೇ ರೂಮು ಆರಿಸಬೇಕು. ಈ ನವೀಕರಣದಲ್ಲಿ ಅದೇ ಕಂಪನಿಗೆ ಮೊತ್ತವನ್ನು 5 ಲಕ್ಷಕ್ಕೆ ಏರಿಸಲು ಅರ್ಜಿ ಕೊಡಿ. ಏರಿಸಿದ 3 ಲಕ್ಷಕ್ಕೆ ಕಾಯುವ ಅವಧಿ ಇರುತ್ತದೆ, ಮೊದಲಿನ 2 ಲಕ್ಷಕ್ಕೆ ಧಕ್ಕೆಯಿಲ್ಲ. ಅವರು ಒಪ್ಪದಿದ್ದರೂ ನಷ್ಟವೇನಿಲ್ಲ.

ಅಮ್ಮನ ವಿಷಯದಲ್ಲಿ ನೋಡಬೇಕಾದ ಸಾಲುಗಳೇ ಬೇರೆ. ಡೇ-ಕೇರ್ ಕಿಮೋಗೆ 24 ಗಂಟೆ ಅಡ್ಮಿಟ್ ಆಗಬೇಕಿಲ್ಲ. ಕ್ಯಾನ್ಸರಿನ ಮಾತ್ರೆ ರೂಪದ ಕಿಮೋ, ಇಮ್ಯುನೋಥೆರಪಿ, ರೋಬೋಟಿಕ್ ಸರ್ಜರಿ ಮುಂತಾದ ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಗಳು ಹೊರಗಿಡುವಂತಿಲ್ಲ, ಆದರೆ ಅವುಗಳಿಗೆ ಒಳಮಿತಿ ಹಾಕಬಹುದು. ಉದಾಹರಣೆಗೆ ಎಲ್ಲ ಕಂಪನಿಗಳೂ ಕೊಡುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು ಮೊತ್ತದ ಅರ್ಧ. ಕ್ಯಾನ್ಸರ್ ಮರಳಿದರೆ ನಿಜವಾಗಿ ದುಬಾರಿಯಾಗುವುದು ಈ ಔಷಧಗಳೇ, ಆದ್ದರಿಂದ 10 ಲಕ್ಷ ಎಂಬ ಅಕ್ಷರಕ್ಕಿಂತ ಈ ಒಳಮಿತಿಯ ಅಂಕಿ ಮುಖ್ಯ. ಈಗ ದಿನವೂ ನುಂಗುವ ಹಾರ್ಮೋನ್ ಮಾತ್ರೆ, ಆರು ತಿಂಗಳಿಗೊಮ್ಮೆಯ ತಪಾಸಣೆ ಇವು ಹೊರರೋಗಿ ಖರ್ಚು. ಸಾಮಾನ್ಯ ಪಾಲಿಸಿಯಿಂದ ಬರುವುದಿಲ್ಲ. ಸ್ಕ್ಯಾನಿಗೆಂದೇ ಒಂದು ದಿನ ಅಡ್ಮಿಟ್ ಆದರೆ ‘ಬರೀ ತಪಾಸಣೆಗೆ ದಾಖಲಾತಿ’ ಎಂದು ಕ್ಲೇಮ್ ವಾಪಸಾಗುತ್ತದೆ. ಕ್ಯಾನ್ಸರ್ ಗೆದ್ದವರಿಗೆಂದೇ ಮಾಡಿದ ಪಾಲಿಸಿಗಳೂ ಇವೆ. ಅವುಗಳಲ್ಲಿ ಅದೇ ಕ್ಯಾನ್ಸರ್ ಮರುಕಳಿಸಿದರೆ ಏನು ಸಿಗುತ್ತದೆ ಎಂಬ ಒಂದು ಸಾಲನ್ನು ಓದಿ ನಿರ್ಧರಿಸಿ. ‘ಕ್ರಿಟಿಕಲ್ ಇಲ್‌ನೆಸ್’ ಪಾಲಿಸಿ ಇಬ್ಬರಿಗೂ ಈಗ ಉಪಯೋಗವಿಲ್ಲ. ಅದು ಕಾಯಿಲೆ ಮೊದಲ ಬಾರಿ ಪತ್ತೆಯಾದಾಗ ಗಂಟು ಹಣ ಕೊಡುವಂಥದ್ದು.

ಇಷ್ಟಾದ ಮೇಲೂ ಹೆಚ್ಚಿನ ರಕ್ಷಣೆ ಬೇಕೆನಿಸಿದರೆ 74,000ದ ಬದಲು 5 ಲಕ್ಷ ಕಳೆತದ (ಡಿಡಕ್ಟಿಬಲ್) ಸೂಪರ್ ಟಾಪ್-ಅಪ್‌ಗೆ ಅರ್ಜಿ ಹಾಕಿ. ಒಂದು ವರ್ಷದ ಬಿಲ್ಲುಗಳು ಒಟ್ಟು 5 ಲಕ್ಷ ದಾಟಿದ ಮೇಲೆ ಅದು ಕೊಡತೊಡಗುತ್ತದೆ, ಹಾಗಾಗಿ ಕಂತು ಕಡಿಮೆ. ಕಾಯುವ ಅವಧಿ ಅದಕ್ಕೂ ಇದೆ, ಅಮ್ಮನಿಗೆ ಸಿಗುವುದು ಕಷ್ಟ, ಅಪ್ಪನಿಗೆ ಹೆಚ್ಚುವರಿ ಕಂತಿನೊಂದಿಗೆ ಸಿಗಬಹುದು. ವೈಯಕ್ತಿಕ ಆರೋಗ್ಯವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಏಜೆಂಟರು ಕೊಟ್ಟ ಕೊಟೇಶನ್ನಿನಲ್ಲಿ ಶೇ. 18 ಸೇರಿದ್ದರೆ ಅದು ಹಳೆಯ ಲೆಕ್ಕ. ಉಳಿಯುವ ಹಣವನ್ನು ಅಪ್ಪ-ಅಮ್ಮನ ಹೆಸರಿನ ಜಂಟಿ ಖಾತೆಯಲ್ಲಿ ಬೇರೆಯೇ ಇಡಿ. ಮಾತ್ರೆ, ಸ್ಕ್ಯಾನ್, ಆಂಬುಲೆನ್ಸು, ಬೇರೆ ಊರಿನಲ್ಲಿ ಜೊತೆಗಿರುವವರ ಊಟ-ವಸತಿ ಇವನ್ನು ಯಾವ ವಿಮೆಯೂ ಪೂರ್ತಿ ಕೊಡುವುದಿಲ್ಲ.

ಹೊಸದು ಯಾವುದನ್ನೇ ಮಾಡಿಸಿದರೂ ಕಾಯಿಲೆಗಳನ್ನು ಪೂರ್ತಿ ಬರೆಯಿರಿ. ಅರ್ಜಿಯನ್ನು ಏಜೆಂಟರು ತುಂಬಿ ‘ಇಲ್ಲಿ ಸೈನ್ ಹಾಕಿ’ ಎನ್ನುತ್ತಾರೆ. ಅದು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ‘ಅರ್ಜಿದಾರರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ’ ಎಂಬ ಘೋಷಣೆಯ ಭಾಗವನ್ನು ಖಾಲಿ ಬಿಡಬೇಡಿ, ಕನ್ನಡದಲ್ಲಿ ಓದಿಸಿಯೇ ಸಹಿ ಮಾಡಿಸಿ. ಪಾಲಿಸಿಯ ಮಾಹಿತಿ ಹಾಳೆಯನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರಿಂದ ಇದೆ. ‘ಕನ್ನಡದಲ್ಲಿ ಬೇಕು’ ಎಂದು ಇಮೇಲಿನಲ್ಲಿ ಕೇಳಿ. ಆಮೇಲೆ ಕಂಪನಿಯಿಂದ ಆರೋಗ್ಯ ವಿಚಾರಿಸುವ ಫೋನ್ ಬರುತ್ತದೆ. ಅರ್ಥವಾಗದ ಭಾಷೆಯ ಪ್ರಶ್ನೆಗಳಿಗೆ ಅಪ್ಪ ಮರ್ಯಾದೆಗೆಂದು ‘ಹಾಂ, ಹಾಂ’ ಎನ್ನುತ್ತಾ ಹೋದರೆ ಅದೆಲ್ಲ ರೆಕಾರ್ಡ್ ಆಗಿ ಮುಂದೆ ಅವರ ವಿರುದ್ಧವೇ ಸಾಕ್ಷಿಯಾಗುತ್ತದೆ. ಕನ್ನಡದಲ್ಲಿ ಮಾತಾಡುವವರಿಂದ ಫೋನ್ ಮಾಡಿಸಿ ಎಂದು ಹೇಳಲಿ, ನೀವು ಪಕ್ಕದಲ್ಲಿರಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಓದಿ ಬೇಡವೆನಿಸಿದರೆ ಹಿಂದಿರುಗಿಸಬಹುದು.

ಆಸ್ಪತ್ರೆಯಲ್ಲೂ ಇಂಥದೇ ಒಂದು ಜಾಗ ಇದೆ. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು ‘ಶುಗರ್ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ, ಗಾಬರಿಯಲ್ಲಿರುವ ಯಾರೋ ನೆಂಟರು ‘ಇಪ್ಪತ್ತು ಆಗಿರ್ಬೇಕು’ ಎನ್ನುತ್ತಾರೆ. ಆ ಅಂದಾಜು ಕೇಸ್ ಶೀಟಿನಿಂದ ಡಿಸ್ಚಾರ್ಜ್ ಸಮರಿಗೆ ಹೋಗುತ್ತದೆ, ಅರ್ಜಿಯಲ್ಲಿ 14 ಎಂದಿದ್ದರೆ ‘ಮುಚ್ಚಿಟ್ಟಿದ್ದಾರೆ’ ಎಂಬ ಪತ್ರ ಬರುತ್ತದೆ. ಸಕ್ಕರೆ, ಬಿಪಿ ಶುರುವಾದ ವರ್ಷ, ಸ್ಟೆಂಟಿನ ತಿಂಗಳು, ಅಮ್ಮನ ಆಪರೇಷನ್ನಿನ ದಿನಾಂಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪಾಲಿಸಿಯ ಪ್ರತಿಯೊಂದಿಗೆ ಮನೆಯ ಫೈಲಿನಲ್ಲಿಡಿ, ಒಂದು ಫೋಟೋ ಅಪ್ಪನ ಮೊಬೈಲಿನಲ್ಲೂ ಇರಲಿ. ಹೆಸರು ಕೂಡ ಹಾಗೆಯೇ. ರೇಷನ್ ಕಾರ್ಡಿನಲ್ಲಿ ಮಲಯಾಳಕ್ಕೆ ತಿರುಗಿಸಿದ ಹೆಸರು, ಆಧಾರ್‌ನಲ್ಲಿ ಮನೆಹೆಸರು ಸೇರಿಸಿದ್ದು, ಪಾಲಿಸಿಯಲ್ಲಿ ಇನಿಶಿಯಲ್ ಮಾತ್ರ ಎಂದಿದ್ದರೆ ಆಧಾರ್‌ನಂತೆ ಪಾಲಿಸಿಯನ್ನು ಈ ನವೀಕರಣದಲ್ಲೇ ತಿದ್ದಿಸಿ. ಡಿಸ್ಚಾರ್ಜ್ ಸಮರಿಯನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ. ಅಂದು ಡಾಕ್ಟರರೇ ತಿದ್ದಿ ಸಹಿ ಹಾಕಿಕೊಡುತ್ತಾರೆ, ಕ್ಲೇಮ್ ತಿರಸ್ಕಾರವಾದ ಮೇಲೆ ತಿದ್ದಿದರೆ ಯಾರೂ ನಂಬುವುದಿಲ್ಲ.

ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರಿಸಬೇಕು. ತಡವಾದರೆ ಆಸ್ಪತ್ರೆ ಅರ್ಜಿ ಕಳುಹಿಸಿದ ಸಮಯ ಬರೆಸಿಕೊಂಡು ಕಂಪನಿಗೆ ಫೋನ್ ಮಾಡಿ. ಕ್ಲೇಮ್ ತಳ್ಳಿದರೆ ಕಾರಣವನ್ನು ಪಾಲಿಸಿಯ ಕಲಂ ಸಮೇತ ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕೇರಳದವರಿಗೆ ಆ ಕಚೇರಿ ಕೊಚ್ಚಿಯಲ್ಲಿದೆ. 50 ಲಕ್ಷದವರೆಗಿನ ವಿವಾದ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದೂರಿನೊಂದಿಗೆ ಕಂಪನಿಗೆ ಬರೆದ ಪತ್ರದ ಪ್ರತಿಯೂ ಅದು ತಲುಪಿದ ದಾಖಲೆಯೂ ಇರಬೇಕು, ಆದ್ದರಿಂದ ಫೋನಿನಲ್ಲಿ ಮಾತ್ರ ಜಗಳವಾಡಿ ದಿನ ಕಳೆಯದೆ ಮೊದಲ ದಿನದಿಂದಲೇ ಇಮೇಲ್ ಮಾಡಿ.